ಪೆಂಡೆಂಟ್ ಹೊತ್ತಿಕೊಳ್ಳದ ರೋಬೋಟ್: ಪವರ್ ಸಪ್ಲೈ ಬದಲಿಸುವ ಮುನ್ನ ಎಲ್ಲೆಲ್ಲಿ ಅಳೆಯಬೇಕು?

ಪ್ರಶ್ನೆ: ನಮ್ಮ ವೆಲ್ಡಿಂಗ್ ವಿಭಾಗದಲ್ಲಿ ಫ್ಯಾನುಕ್ ಆರ್-30ಐಬಿ ಕಂಟ್ರೋಲರ್ ಇರುವ ರೋಬೋಟ್ ಇದೆ. ವಾರದ ರಜೆ ಮುಗಿಸಿ ಬೆಳಗಿನ ಪಾಳಿಯಲ್ಲಿ ಬ್ರೇಕರ್ ಹಾಕಿದರೆ ಕ್ಯಾಬಿನೆಟ್ ಫ್ಯಾನ್ ತಿರುಗುತ್ತದೆ, ಟೀಚ್ ಪೆಂಡೆಂಟ್ (ರೋಬೋಟ್ ನಡೆಸುವ, ತೆರೆ ಮತ್ತು ಕೀಗಳಿರುವ ಕೈಸಾಧನ) ಮಾತ್ರ ಹೊತ್ತಿಕೊಳ್ಳುವುದಿಲ್ಲ. ಎಮರ್ಜೆನ್ಸಿ ಸ್ಟಾಪ್ ಬೋರ್ಡಿನಲ್ಲಿ ಫ್ಯೂಸ್3 ಎಂದು ಗುರುತಿರುವುದು ಹೋಗಿತ್ತು. ಬದಲಿಸಿದ ಮೇಲೆ ಎರಡು ದಿನ ಓಡಿ ಮತ್ತೆ ಅದೇ ಹೋಯಿತು. ಪವರ್ ಸಪ್ಲೈ ಯುನಿಟ್ ಬದಲಿಸಿ ಎನ್ನುತ್ತಾರೆ ಒಬ್ಬರು, ಇನಿಟ್ ಸ್ಟಾರ್ಟ್ ಮಾಡಿ ಎನ್ನುತ್ತಾರೆ ಇನ್ನೊಬ್ಬರು. ಸದ್ಯಕ್ಕೆ ಹೆಚ್ಚು ಆಂಪಿಯರ್‌ನ ಫ್ಯೂಸ್ ಹಾಕಿ ಓಡಿಸಬಹುದೇ? ಹುಡುಕಾಟ ಎಲ್ಲಿಂದ ಶುರು ಮಾಡಬೇಕು?

ಉತ್ತರ: ಮೊದಲು ದೊಡ್ಡ ಫ್ಯೂಸ್ ಮತ್ತು ಇನಿಟ್ ಸ್ಟಾರ್ಟ್ ಮಾತಿಗೆ ಉತ್ತರ. ಹೆಚ್ಚು ಆಂಪಿಯರ್‌ನ ಫ್ಯೂಸ್ ಹಾಕಲೇಬೇಡಿ. ಆ ಬೋರ್ಡಿನ ಒಳಪದರಗಳಲ್ಲಿ ಓಡುವ ತಾಮ್ರದ ಗೆರೆಗಳು ಆ ಸಣ್ಣ ಫ್ಯೂಸಿನ ಲೆಕ್ಕಕ್ಕೇ ಇರುವಂಥವು. ದೊಡ್ಡ ಫ್ಯೂಸ್ ಹಾಕಿದರೆ ಮುಂದಿನ ಸಲ ಶಾರ್ಟ್ ಆದಾಗ ಫ್ಯೂಸ್ ಉಳಿದು ಬೋರ್ಡ್ ಸುಡುತ್ತದೆ. ಕೆಲವೇ ರೂಪಾಯಿಯ ವಸ್ತುವನ್ನು ಉಳಿಸಲು ಹೋಗಿ ಇಡೀ ಬೋರ್ಡ್ ಕಳೆದುಕೊಂಡಂತಾಗುತ್ತದೆ. ಇನಿಟ್ ಸ್ಟಾರ್ಟ್ ಕೂಡ ಬೇಡ. ಅದು ನಿಮ್ಮ ಪ್ರೋಗ್ರಾಂ, ಸೆಟ್ಟಿಂಗ್ ಎಲ್ಲವನ್ನೂ ಅಳಿಸಿಹಾಕುವ ಕೆಲಸ. ಕರೆಂಟೇ ತಲುಪದ ಪೆಂಡೆಂಟಿಗೂ ಅದಕ್ಕೂ ಸಂಬಂಧವಿಲ್ಲ.

ಪವರ್ ಸಪ್ಲೈ ಯುನಿಟ್ ಮೇಲೆ ನನಗೆ ಅನುಮಾನ ಕಡಿಮೆ. ನೀವೇ ಕೊಟ್ಟ ಸುಳಿವು ಅದಕ್ಕೆ ಕಾರಣ: ಒಂದೇ ಫ್ಯೂಸ್ ಎರಡು ಸಲ ಹೋಗಿದೆ, ನಡುವೆ ಎರಡು ದಿನ ರೋಬೋಟ್ ಚೆನ್ನಾಗಿ ಓಡಿದೆ. ಫ್ಯೂಸ್3 ಪೆಂಡೆಂಟಿಗೆ ಹೋಗುವ 24 ವೋಲ್ಟ್ ದಾರಿಯನ್ನು ಕಾಯುತ್ತದೆ. ಅದು ಹೋಯಿತೆಂದರೆ ಅದರ ಆಚೆಗೆ, ಅಂದರೆ ಪೆಂಡೆಂಟ್ ಕೇಬಲ್‌ನಲ್ಲೋ ಪೆಂಡೆಂಟಿನಲ್ಲೋ, ಅತಿಯಾದ ಕರೆಂಟ್ ಹರಿದಿದೆ. ಪವರ್ ಸಪ್ಲೈ ಆ ಫ್ಯೂಸಿನ ಹಿಂದಿದೆ. ಪವರ್ ಸಪ್ಲೈ ಕೆಟ್ಟರೆ ವೋಲ್ಟೇಜ್ ಬೀಳುತ್ತದೆ ಅಥವಾ ಅದರದೇ ಫ್ಯೂಸ್ ಹೋಗುತ್ತದೆ, ಮುಂದಿರುವ ಸಣ್ಣ ಫ್ಯೂಸ್ ಎರಡು ದಿನಕ್ಕೊಮ್ಮೆ ಹೋಗುವುದಿಲ್ಲ. ಆಗಾಗ ಬಂದು ಹೋಗುವ ಶಾರ್ಟ್ ಎಂದರೆ ಅಲುಗಾಡುವ ಜಾಗದಲ್ಲಿರುವ ಶಾರ್ಟ್. ಕ್ಯಾಬಿನೆಟ್ಟಿನೊಳಗೆ ಅಲುಗಾಡುವುದು ಏನೂ ಇಲ್ಲ, ಹೊರಗೆ ಬಿದ್ದಿರುವ ಕೇಬಲ್ ದಿನವಿಡೀ ಅಲುಗಾಡುತ್ತದೆ.

ಆದರೂ ಊಹೆಯ ಮೇಲೆ ಕೇಬಲ್ ತರಿಸುವ ಬದಲು ಕರೆಂಟ್ ಬರುವ ದಾರಿಯಲ್ಲೇ ಒಂದೊಂದು ಮೆಟ್ಟಿಲು ಅಳೆಯುತ್ತ ಬನ್ನಿ. ಅರ್ಧ ಗಂಟೆಯ ಕೆಲಸ.

ಕೈ ಹಾಕುವ ಮುನ್ನ: ಕ್ಯಾಬಿನೆಟ್ ಬ್ರೇಕರ್ ಮಾತ್ರ ಆಫ್ ಮಾಡಿದರೆ ಅದರ ಮೇಲ್ತುದಿಯಲ್ಲಿ ಮೂರೂ ಫೇಸ್ ಜೀವಂತವಾಗಿರುತ್ತವೆ. ಕನೆಕ್ಟರ್ ಬಿಚ್ಚುವ ಕೆಲಸವಿದ್ದರೆ ಡಿಸ್ಟ್ರಿಬ್ಯೂಷನ್ ಬೋರ್ಡಿನಲ್ಲೇ ಆಫ್ ಮಾಡಿ ಬೀಗ ಹಾಕಿ, ಬೀಗದ ಕೈ ನಿಮ್ಮ ಜೇಬಿನಲ್ಲಿರಲಿ. ರೋಬೋಟಿನ ಮೋಟಾರ್‌ಗಳಿಗೆ ಕರೆಂಟ್ ಕೊಡುವ ಸರ್ವೊ ಆಂಪ್ಲಿಫೈಯರ್ ಬಳಿ ಇನ್ನೊಂದು ಎಚ್ಚರಿಕೆ ಬೇಕು. ಅದರ ಕೆಪಾಸಿಟರ್‌ಗಳು ಪವರ್ ಆಫ್ ಆದ ಮೇಲೂ ಸ್ವಲ್ಪ ಹೊತ್ತು ಚಾರ್ಜ್ ಹಿಡಿದುಕೊಂಡಿರುತ್ತವೆ. ಡಿ7 ಎಂಬ ಕೆಂಪು ದೀಪ ಆರಿದೆಯೇ ನೋಡಿ. ದೀಪವನ್ನಷ್ಟೇ ನಂಬದೆ ಅದರ ಮೇಲಿರುವ ಸ್ಕ್ರೂನಲ್ಲಿ ಡಿಸಿ ವೋಲ್ಟೇಜ್ ಅಳೆದು 50 ವೋಲ್ಟ್‌ಗಿಂತ ಕೆಳಗೆ ಇಳಿದಿದ್ದರೆ ಮಾತ್ರ ಮುಟ್ಟಿ.

ಈಗ ದಾರಿ. ಬ್ರೇಕರ್ ದಾಟಿದ ಕರೆಂಟ್ ಟ್ರಾನ್ಸ್‌ಫಾರ್ಮರ್‌ಗೆ ಹೋಗುತ್ತದೆ. ಅಲ್ಲಿಂದ ಎರಡು ಕವಲು. ಸುಮಾರು 210 ವೋಲ್ಟ್‌ನ ಮೂರು ಫೇಸ್ ಎಮರ್ಜೆನ್ಸಿ ಸ್ಟಾಪ್ ಯುನಿಟ್ಟಿನ ಕಾಂಟ್ಯಾಕ್ಟರ್ ಮೂಲಕ ಸರ್ವೊ ಆಂಪ್ಲಿಫೈಯರ್‌ಗೆ ಹೋಗುತ್ತದೆ, ಇದು ಮೋಟಾರ್‌ಗಳ ಪಾಲು. 200 ವೋಲ್ಟ್ ಆಸುಪಾಸಿನ ಸಿಂಗಲ್ ಫೇಸ್ ಪವರ್ ಸಪ್ಲೈ ಯುನಿಟ್ಟಿನ ಸಿಪಿ1 ಕನೆಕ್ಟರ್‌ಗೆ ಬರುತ್ತದೆ, ಇದು ಬೋರ್ಡ್‌ಗಳ ಪಾಲು. ಪೆಂಡೆಂಟ್ ಹೊತ್ತಿಕೊಳ್ಳದಿದ್ದರೆ ನೋಡಬೇಕಾದ್ದು ಎರಡನೆಯ ಕವಲು. ಪೆಂಡೆಂಟಿನಲ್ಲಿ ಎಲ್ಲ ಬಂದು ಸರ್ವೊ ಮಾತ್ರ ಏಳದಿದ್ದರೆ ಮೊದಲನೆಯದು. ಇಷ್ಟು ವಿಂಗಡಿಸಿಕೊಂಡರೆ ಅರ್ಧ ಗೊಂದಲ ಹೋಗುತ್ತದೆ.

ಕ್ಯಾಬಿನೆಟ್ ಫ್ಯಾನ್ ತಿರುಗುತ್ತಿದೆ ಎಂದು ಸಮಾಧಾನಪಡಬೇಡಿ. ಅದು ಓಡುವುದು ಎಸಿಯಲ್ಲಿ. ಒಳಗೆ 24 ವೋಲ್ಟ್ ಡಿಸಿ ತಯಾರಾಗುತ್ತಿದೆಯೋ ಇಲ್ಲವೋ ಅದು ಹೇಳಲಾರದು.

ಬ್ರೇಕರ್‌ನ ಕೆಳತುದಿಯಲ್ಲಿ ಮೂರೂ ಜೋಡಿ ಫೇಸ್‌ಗಳ ನಡುವೆ ಅಳೆಯಿರಿ. ಟ್ರಾನ್ಸ್‌ಫಾರ್ಮರ್ ಟ್ಯಾಪ್ (ಒಳಬರುವ ವೋಲ್ಟೇಜ್‌ಗೆ ಹೊಂದಿಸುವ ಜೋಡಣೆ) 415 ವೋಲ್ಟ್‌ಗೆ ಇದ್ದರೆ ಶೇ 10 ಮೇಲೆ, ಶೇ 15 ಕೆಳಗೆ ಸಹಿಸಿಕೊಳ್ಳುತ್ತದೆ: ಸುಮಾರು 353ರಿಂದ 456 ವೋಲ್ಟ್. ಮೂರು ಅಳತೆಯಲ್ಲಿ ಒಂದು ಸರಿಯಿದ್ದು ಉಳಿದೆರಡು ವಿಚಿತ್ರವಾಗಿ ಕಡಿಮೆ ಬಂದರೆ ಒಂದು ಫೇಸ್ ಇಲ್ಲ ಎಂದರ್ಥ. ಸಿಂಗಲ್ ಫೇಸ್ ಕವಲು ಉಳಿದ ಎರಡು ಫೇಸ್‌ಗಳಿಂದಲೇ ಬರುತ್ತಿದ್ದರೆ ಪೆಂಡೆಂಟ್ ಸರಾಗವಾಗಿ ಏಳುತ್ತದೆ, ಸರ್ವೊ ಆನ್ ಆಗುವಾಗ ಮಾತ್ರ ತಕರಾರು. ಪೀಣ್ಯ, ಬೊಮ್ಮಸಂದ್ರದಂಥ ಕೈಗಾರಿಕಾ ಪ್ರದೇಶದಲ್ಲಿ ಕರೆಂಟ್ ಹೋಗಿ ಜನರೇಟರ್‌ಗೆ ಬದಲಾಗುವ ಕಾರ್ಖಾನೆಗಳಲ್ಲಿ ಚೇಂಜ್‌ಓವರ್ ಕಾಂಟ್ಯಾಕ್ಟರ್‌ನ ಒಂದು ಸವೆದ ಕಂಬ ಈ ತೊಂದರೆಗೆ ಸಾಕು. ಆದ್ದರಿಂದ ಜನರೇಟರ್ ಮೇಲೆ ಒಮ್ಮೆ, ಲೈನ್ ಮೇಲೆ ಒಮ್ಮೆ, ಎರಡು ಸಲ ಅಳೆಯಿರಿ.

ಮುಂದೆ ಪವರ್ ಸಪ್ಲೈ ಯುನಿಟ್. ಅದರ ಮುಖದಲ್ಲಿ ಎರಡು ದೀಪ: ಪಿಐಎಲ್ ಹಸಿರು, ಎಎಲ್‌ಎಂ ಕೆಂಪು. ಹಸಿರು ಉರಿಯದಿದ್ದರೆ ಸಿಪಿ1ರಲ್ಲಿ ಎಸಿ ಇದೆಯೇ ನೋಡಿ. ಇದ್ದೂ ದೀಪ ಇಲ್ಲವೆಂದರೆ ಒಳಗಿನ 8 ಆಂಪಿಯರ್‌ನ ಎಫ್1 ಫ್ಯೂಸ್ ನೋಡಿ. ಅದೂ ಸರಿಯಿದ್ದರೆ ಆಗ ಯುನಿಟ್ ಬದಲಿಸಿ, ಅನುಮಾನ ಬೇಡ. ಎಫ್1 ಹೋಗಿದ್ದರೂ ಹೊಸದು ತುರುಕುವ ಮುನ್ನ ಸಿಪಿ2, ಸಿಪಿ3ರಿಂದ ಫ್ಯಾನ್ ಮುಂತಾದ ಎಸಿ ಸಾಧನಗಳಿಗೆ ಹೋಗುವ ತಂತಿಗಳಲ್ಲಿ ಶಾರ್ಟ್ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ಸುಟ್ಟ ಫ್ಯಾನ್ ಮೋಟಾರ್ ಎಫ್1 ಅನ್ನು ಹಾರಿಸಿದ ಮೇಲೆ ಪವರ್ ಸಪ್ಲೈ ಬದಲಿಸಿದರೆ ಹೊಸ ಯುನಿಟ್ಟಿನ ಎಫ್1 ಕೂಡ ಹಾಗೆಯೇ ಹಾರುತ್ತದೆ.

ಹಸಿರು, ಕೆಂಪು ಎರಡೂ ಉರಿಯುತ್ತಿದ್ದರೆ ಒಳಗೆ ಬಂದ ಎಸಿ ಸರಿ, ಹೊರಗೆ ಕೊಡುವ ಡಿಸಿಯಲ್ಲಿ ತೊಂದರೆ. ಇಲ್ಲಿ 7.5 ಆಂಪಿಯರ್‌ನ ಎರಡು ಫ್ಯೂಸ್‌ಗಳಿವೆ: ಎಫ್4 ಎಂಬುದು 24ವಿ ದಾರಿಗೆ, ಎಫ್3 ಎಂಬುದು 24ಇ ದಾರಿಗೆ (ಎರಡೂ 24 ವೋಲ್ಟ್ ಡಿಸಿಯ ಬೇರೆ ಬೇರೆ ಸಾಲುಗಳು; ಎಮರ್ಜೆನ್ಸಿ ಸ್ಟಾಪ್ ಬೋರ್ಡಿನ ಫ್ಯೂಸ್3 ಬೇರೆ). 24ವಿ ಸಿಪಿ5ರಿಂದ, 24ಇ ಸಿಪಿ6ರಿಂದ ಹೊರಡುತ್ತದೆ. ಪವರ್ ಆಫ್ ಮಾಡಿ ಎರಡೂ ಕನೆಕ್ಟರ್ ಬಿಚ್ಚಿ, ಫ್ಯೂಸ್ ಹಾಕಿ, ಪವರ್ ಕೊಡಿ. ಕೆಂಪು ದೀಪ ಆರಿದರೆ ಯುನಿಟ್ ಆರೋಗ್ಯವಾಗಿದೆ, ತಪ್ಪು ಆ ಕೇಬಲ್‌ಗಳ ಆಚೆಗಿದೆ. ಆರದಿದ್ದರೆ ಪವರ್ ಆಫ್ ಮಾಡಿ ಬ್ಯಾಕ್‌ಪ್ಲೇನ್‌ನಿಂದ (ಉಳಿದ ಬೋರ್ಡ್‌ಗಳು ಕೂರುವ ಹಿಂಬದಿಯ ಬೋರ್ಡ್) ಹೆಚ್ಚುವರಿ ಬೋರ್ಡ್‌ಗಳನ್ನು ಒಂದೊಂದಾಗಿ ಎಳೆದು ನೋಡಬೇಕು, ಏಕೆಂದರೆ 5 ವೋಲ್ಟ್, 3.3 ವೋಲ್ಟ್, 15 ವೋಲ್ಟ್ ಸರಬರಾಜು ಅದರ ಮೂಲಕವೇ ಹೋಗುತ್ತದೆ. ಎಲ್ಲ ಎಳೆದ ಮೇಲೂ ಕೆಂಪು ಉಳಿದರೆ ಮಾತ್ರ ಪವರ್ ಸಪ್ಲೈ ಅಥವಾ ಬ್ಯಾಕ್‌ಪ್ಲೇನ್ ತಪ್ಪಿತಸ್ಥ.

ಫ್ಯೂಸ್ ನೋಡುವಾಗ ಕಣ್ಣನ್ನು ನಂಬಬೇಡಿ. ಈ ಬೋರ್ಡ್‌ಗಳ ಫ್ಯೂಸ್‌ಗಳಿಗೆ ಸಣ್ಣ ಕಿಂಡಿ ಇದ್ದು, ಹಾರಿದಾಗ ಗುರುತು ಕಾಣಿಸಿಕೊಳ್ಳುವುದು ನಿಜ. ಆದರೂ ಹೊರತೆಗೆದು ಮಲ್ಟಿಮೀಟರ್‌ನಲ್ಲಿ ಓಮ್ ಅಳೆಯಿರಿ. ಫ್ಯೂಸ್ ಸರಿಯಿದ್ದು ಅದರ ಹೋಲ್ಡರ್ ಸಡಿಲವಾಗಿರುವುದೂ ಉಂಟು. ಗುರುತುಗಳು ಕ್ಯಾಬಿನೆಟ್ ಮಾದರಿಯ ಪ್ರಕಾರ ಅಲ್ಪಸ್ವಲ್ಪ ಬದಲಾಗುತ್ತವೆ, ಹಾಗಾಗಿ ನಿಮ್ಮ ಯಂತ್ರದ ಜೊತೆ ಬಂದ ಡ್ರಾಯಿಂಗ್ ಪಕ್ಕದಲ್ಲೇ ಇರಲಿ.

ಇನ್ನು ನಿಮ್ಮ ಮುಖ್ಯ ಆರೋಪಿ, ಪೆಂಡೆಂಟ್ ಕೇಬಲ್. ಪವರ್ ಆಫ್ ಮಾಡಿ, ಕ್ಯಾಬಿನೆಟ್ ಕಡೆಯ ದುಂಡು ಕನೆಕ್ಟರ್ ಬಿಚ್ಚಿ, ಹೊಸ ಫ್ಯೂಸ್3 ಹಾಕಿ, ಪವರ್ ಕೊಡಿ. ಪೆಂಡೆಂಟ್ ಇಲ್ಲದಿದ್ದರೆ ಎಮರ್ಜೆನ್ಸಿ ಅಲಾರಂ ಬರುವುದು ಸಹಜ. ನಮಗೆ ಬೇಕಿರುವುದು ಫ್ಯೂಸ್ ಉಳಿಯುತ್ತದೆಯೇ, ಸಾಕೆಟ್ಟಿನಲ್ಲಿ 24 ವೋಲ್ಟ್ ಇದೆಯೇ ಎಂಬುದಷ್ಟೆ. 24ರ ಆಸುಪಾಸು ಇದ್ದರೆ ಸರಿ, 22ಕ್ಕಿಂತ ಕೆಳಗಿದ್ದರೆ ಹಿಂದಿನ ದಾರಿಯಲ್ಲಿ ಎಲ್ಲೋ ಲೂಸ್ ಇದೆ ಅಥವಾ ಪವರ್ ಸಪ್ಲೈ ಸೋತಿದೆ. ಅಳೆಯುವಾಗ ಮೀಟರ್‌ನ ಮುಳ್ಳು ಪಕ್ಕದ ಪಿನ್ನಿಗೆ ತಾಗದಿರಲಿ. ತಾಗಿದರೆ ನೀವೇ ಶಾರ್ಟ್ ಮಾಡಿದಂತೆ.

ನಂತರ ಬಿಚ್ಚಿದ ಕೇಬಲ್ಲನ್ನು ಪೆಂಡೆಂಟಿನಿಂದಲೂ ಬಿಡಿಸಿ ನೆಲದ ಮೇಲೆ ಉದ್ದಕ್ಕೆ ಹಾಸಿ. ಒಂದು ಒದ್ದೆ ಬಟ್ಟೆಯಿಂದ ಒರೆಸುತ್ತ ಬಂದರೆ ಕಾಣದಿದ್ದ ಗಾಯಗಳು ಕಾಣುತ್ತವೆ. ವೆಲ್ಡಿಂಗ್ ವಿಭಾಗದಲ್ಲಿ ನೋಡಬೇಕಾದ ಜಾಗ ಮೂರು. ಕೇಬಲ್ ಪೆಂಡೆಂಟಿನೊಳಗೆ ಹೋಗುವ ಕುತ್ತಿಗೆ: ಪೆಂಡೆಂಟನ್ನು ಕೊಕ್ಕೆಗೆ ನೇತುಹಾಕುವಾಗೆಲ್ಲ ಇಲ್ಲಿ ಮಡಚುತ್ತದೆ, ಹೊರಗಿನ ಸಿಪ್ಪೆ ಚೆನ್ನಾಗಿದ್ದೂ ಒಳಗಿನ ಸಣ್ಣ ತಂತಿಗಳ ಪ್ಲಾಸ್ಟಿಕ್ ಸೀಳಿರುತ್ತದೆ. ಬೇಲಿಯ ಬಾಗಿಲ ಹೊಸಿಲು: ಬಾಗಿಲು ಕೇಬಲ್ಲನ್ನು ಜಜ್ಜುತ್ತಲೇ ಇರುತ್ತದೆ. ಫೋರ್ಕ್‌ಲಿಫ್ಟ್ ಅಥವಾ ಟ್ರಾಲಿ ದಾಟುವ ಜಾಗ. ಇದರ ಮೇಲೆ ಕಿಡಿಗಳ ಕಾಟ. ಸಾಸಿವೆ ಕಾಳಿನಷ್ಟಿರುವ ಒಂದು ಲೋಹದ ಕಿಡಿ ಸಿಪ್ಪೆಯನ್ನು ಕರಗಿಸಿ ಶೀಲ್ಡ್‌ವರೆಗೆ (ತಂತಿಗಳನ್ನು ಸುತ್ತಿರುವ ಲೋಹದ ಹೆಣಿಗೆ) ಇಳಿದು ಅಲ್ಲೇ ತಣ್ಣಗಾಗಿ ಕೂತಿರುತ್ತದೆ. ಹೊರಗೆ ಕಪ್ಪು ಚುಕ್ಕಿಯಷ್ಟೇ ಕಾಣುತ್ತದೆ. ಕೇಬಲ್ ಮಡಚಿದಾಗ ಮಾತ್ರ ಅದು 24 ವೋಲ್ಟ್ ತಂತಿಯನ್ನೂ ಶೀಲ್ಡನ್ನೂ ಒಟ್ಟುಮಾಡುತ್ತದೆ. ಎರಡು ದಿನಕ್ಕೊಮ್ಮೆ ಫ್ಯೂಸ್ ಹೋಗುವುದಕ್ಕೆ ಇದಕ್ಕಿಂತ ಸರಿಯಾದ ಕಾರಣ ಬೇಕಿಲ್ಲ.

ಡ್ರಾಯಿಂಗ್ ನೋಡಿ 24 ವೋಲ್ಟ್ ಮತ್ತು 0 ವೋಲ್ಟ್ ಪಿನ್ ಗುರುತಿಸಿ, ಅವೆರಡರ ನಡುವೆಯೂ, 24 ವೋಲ್ಟ್ ಮತ್ತು ಶೀಲ್ಡ್ ನಡುವೆಯೂ ಓಮ್ ಅಳೆಯಿರಿ. ಒಬ್ಬರು ಮೀಟರ್ ಹಿಡಿದುಕೊಳ್ಳಲಿ, ಇನ್ನೊಬ್ಬರು ಒಂದು ತುದಿಯಿಂದ ಗೇಣು ಗೇಣಾಗಿ ಕೇಬಲ್ ಮಡಚುತ್ತ ಬರಲಿ. ಓದು ಒಂದು ಕ್ಷಣ ಬಿದ್ದರೂ ಅಲ್ಲಿಗೆ ಟೇಪ್ ಸುತ್ತಿ ಗುರುತು ಮಾಡಿ. ಆ ಜಾಗವನ್ನು ಕತ್ತರಿಸಿ ಬೆಸೆಯುವುದು ನನಗೆ ಒಪ್ಪಿಗೆಯಿಲ್ಲ. ಇದೇ ಕೇಬಲ್‌ನಲ್ಲಿ ಪೆಂಡೆಂಟಿನ ಎಮರ್ಜೆನ್ಸಿ ಬಟನ್ ಮತ್ತು ಡೆಡ್‌ಮ್ಯಾನ್ ಸ್ವಿಚ್ಚಿನ (ಒತ್ತಿ ಹಿಡಿದರಷ್ಟೇ ರೋಬೋಟ್ ಅಲುಗಾಡಲು ಬಿಡುವ ಸ್ವಿಚ್) ತಂತಿಗಳೂ ಇವೆ. ಜೀವ ಕಾಯುವ ತಂತಿಗೆ ಟೇಪ್ ಸುತ್ತಿ ಓಡಿಸಬಾರದು, ಹೊಸ ಕೇಬಲ್ಲೇ ಹಾಕಿ. ಕೇಬಲ್ ಪೂರ್ತಿ ಚೆನ್ನಾಗಿದ್ದರೆ ಅದೇ ಮಾದರಿಯ ಇನ್ನೊಂದು ಕಂಟ್ರೋಲರ್‌ನ ಪೆಂಡೆಂಟ್ ತಂದು ಹಚ್ಚಿ ನೋಡಿ. ಆದರೆ ಶಾರ್ಟ್ ಇರಬಹುದಾದ ನಿಮ್ಮ ಪೆಂಡೆಂಟನ್ನು ಒಳ್ಳೆಯ ಯಂತ್ರಕ್ಕೆ ಒಯ್ಯಬೇಡಿ. ಅಲ್ಲಿಯೂ ಫ್ಯೂಸ್ ಹೋದರೆ ಎರಡು ಯಂತ್ರ ನಿಂತಂತಾಯಿತು.

ಇದೇ ಸಾಲಿನಲ್ಲಿ ಬೇರೆ ಫ್ಯೂಸ್‌ಗಳ ಗುಣವೂ ತಿಳಿದಿರಲಿ. ಎಮರ್ಜೆನ್ಸಿ ಸ್ಟಾಪ್ ಬೋರ್ಡಿನ ಫ್ಯೂಸ್2 ಹೋದರೆ ಪೆಂಡೆಂಟಿನಲ್ಲಿ ಎಸ್‌ಆರ್‌ವಿಒ-213 ಎಂಬ ಸಂಖ್ಯೆಯ ಅಲಾರಂ ಬರುತ್ತದೆ. ಎಮರ್ಜೆನ್ಸಿ ದಾರಿಯ 24 ವೋಲ್ಟ್ ಎಲ್ಲೋ 0 ವೋಲ್ಟ್‌ಗೆ ತಾಗಿದೆ. ಫ್ಯೂಸ್ ಸರಿಯಿದ್ದೂ ಅದೇ ಅಲಾರಂ ಬಂದರೆ ಟರ್ಮಿನಲ್‌ನಲ್ಲಿ ಒಳಗಿನ 24 ವೋಲ್ಟ್‌ನಿಂದ ಹೊರಗಿನದಕ್ಕೆ ಹಾಕಿರುವ ಜಂಪರ್ ಸಡಿಲವಾಗಿದೆಯೇ ನೋಡಿ.

ಸರ್ವೊ ಆಂಪ್ಲಿಫೈಯರ್ ಮೇಲೆ 3.2 ಆಂಪಿಯರ್‌ನ ಮೂರು ಫ್ಯೂಸ್‌ಗಳಿವೆ. ಎಫ್‌ಎಸ್1 ಹೋದರೆ ಆಂಪ್ಲಿಫೈಯರ್‌ನ ದೀಪಗಳೆಲ್ಲ ಆರಿ, ಪೆಂಡೆಂಟಿನಲ್ಲಿ ಎಸ್‌ಆರ್‌ವಿಒ-057 ಅಥವಾ 058 ಬರುತ್ತದೆ. ಅದನ್ನು ನೋಡಿ ಆಂಪ್ಲಿಫೈಯರ್ ಮತ್ತು ಮೈನ್ ಬೋರ್ಡ್ ನಡುವಿನ ಆಪ್ಟಿಕಲ್ ಕೇಬಲ್ ಬದಲಿಸಲು ಓಡುವವರು ಬಹಳ. ಮೊದಲು ದೀಪ ನೋಡಿ, ಆಮೇಲೆ ಕೇಬಲ್. ಎಫ್‌ಎಸ್2 ರೋಬೋಟ್ ಕೈತುದಿಯ ಸಾಧನಗಳಿಗೆ ಹೋಗುವ 24 ವೋಲ್ಟ್. ಅದು ಹೋದರೆ ಎಸ್‌ಆರ್‌ವಿಒ-214ರ ಜೊತೆಗೆ ಹ್ಯಾಂಡ್ ಬ್ರೋಕನ್ (ಕೈ ಮುರಿದಿದೆ), ಓವರ್‌ಟ್ರಾವೆಲ್ (ಚಲನೆ ಮಿತಿ ಮೀರಿದೆ) ಅಲಾರಂಗಳೂ ಬಂದು ದಿಕ್ಕು ತಪ್ಪಿಸುತ್ತವೆ. ನಿಜವಾಗಿ ಮುರಿದಿರುವುದು ಗ್ರಿಪ್ಪರ್ ಅಲ್ಲ, ಮಣಿಕಟ್ಟಿನ ಬಳಿ ತಿರುಚಿ ಸವೆದ ಕೇಬಲ್. ಎಫ್‌ಎಸ್3 ರಿಜೆನರೇಟಿವ್ ರೆಸಿಸ್ಟರ್ (ಮೋಟಾರ್ ನಿಧಾನವಾಗುವಾಗ ಮರಳುವ ಶಕ್ತಿಯನ್ನು ಕರಗಿಸುವುದು) ಮತ್ತು ಹೆಚ್ಚುವರಿ ಆಕ್ಸಿಸ್‌ನ ಆಂಪ್ಲಿಫೈಯರ್ ಕಡೆಯದು. ಆಂಪ್ಲಿಫೈಯರ್‌ನಲ್ಲಿ ಪಿ5ವಿ ದೀಪ ಮಾತ್ರ ಆರಿದ್ದರೆ ರೋಬೋಟಿಗೆ ಹೋಗುವ ಆರ್‌ಪಿ1 ಕೇಬಲ್ ಮೇಲೆ ಕಣ್ಣಿಡಿ. ಎನ್‌ಕೋಡರ್‌ಗಳಿಗೆ (ಮೋಟಾರ್‌ಗಳ ಸ್ಥಾನ ಅಳೆಯುವ ಸಾಧನಗಳು) ಹೋಗುವ 5 ವೋಲ್ಟ್ ಅದರೊಳಗೆ ನೆಲ ಮುಟ್ಟಿರಬಹುದು.

ಪೆಂಡೆಂಟ್ ಹೊತ್ತಿಕೊಂಡು ಆರಂಭದ ತೆರೆಯಲ್ಲೇ ನಿಂತರೆ ಅದು ಬೇರೆ ಕಾಯಿಲೆ. ಕರೆಂಟ್ ಬಂದಿದೆ, ಸಾಫ್ಟ್‌ವೇರ್ ಎದ್ದಿಲ್ಲ. ಮೈನ್ ಬೋರ್ಡಿನಲ್ಲಿ ಒಂದು ಅಂಕಿಯ ಡಿಸ್‌ಪ್ಲೇ ಮತ್ತು ನಾಲ್ಕು ಹಸಿರು ದೀಪ ಇವೆ. ಯಾವ ಅಂಕಿಯಲ್ಲಿ ನಿಂತಿತು, ಯಾವ ದೀಪ ಉರಿಯುತ್ತಿದೆ ಎಂದು ಫೋಟೊ ತೆಗೆದಿಟ್ಟುಕೊಂಡು ಮ್ಯಾನುಯಲ್‌ನ ಪಟ್ಟಿಯ ಜೊತೆ ಹೋಲಿಸಿ. ನಂತರ ಪ್ರೀವ್ ಮತ್ತು ನೆಕ್ಸ್ಟ್ ಕೀಗಳನ್ನು ಒಟ್ಟಿಗೆ ಒತ್ತಿ ಹಿಡಿದು ಪವರ್ ಕೊಟ್ಟರೆ ಕಾನ್ಫಿಗರೇಷನ್ ಮೆನು ಬರುತ್ತದೆ, ಅಲ್ಲಿ ಕೋಲ್ಡ್ ಸ್ಟಾರ್ಟ್ ಆರಿಸಿ. ಇದರಿಂದ ಪ್ರೋಗ್ರಾಂಗಳಿಗೆ ಹಾನಿಯಿಲ್ಲ. ಅದೂ ಆಗದಿದ್ದರೆ ಎಫ್1, ಎಫ್5 ಕೀಗಳನ್ನು ಒತ್ತಿ ಹಿಡಿದು ಪವರ್ ಕೊಡಿ, ಬೂಟ್ ಮಾನಿಟರ್ ತೆರೆಯುತ್ತದೆ. (ಇವು ಪೆಂಡೆಂಟಿನ ಕೀಗಳು, ಪವರ್ ಸಪ್ಲೈಯ ಎಫ್1 ಫ್ಯೂಸಿಗೂ ಇದಕ್ಕೂ ನಂಟಿಲ್ಲ.) ಅಲ್ಲಿ ಮೊದಲು ಮಾಡಬೇಕಾದ್ದು ಬ್ಯಾಕಪ್, ಆಮೇಲೆ ಉಳಿದದ್ದು. ಇನಿಟ್ ಸ್ಟಾರ್ಟ್ ಎಂಬ ಸಾಲು ಇರುವುದೂ ಇದೇ ಮೆನುವಿನಲ್ಲಿ. ಇಮೇಜ್ ಬ್ಯಾಕಪ್ (ಇಡೀ ಮೆಮೊರಿಯ ನಕಲು) ಕೈಯಲ್ಲಿಲ್ಲದೆ ಆ ಸಾಲಿನ ಮೇಲೆ ಎಂಟರ್ ಒತ್ತಿದರೆ ಹಿಂತಿರುಗುವ ದಾರಿಯಿಲ್ಲ.

ರಜೆಯ ನಂತರವೇ ತೊಂದರೆ ಕಾಣಿಸಿಕೊಳ್ಳುವ ಯಂತ್ರಗಳಲ್ಲಿ ಬ್ಯಾಟರಿಯನ್ನೂ ನೋಡಲೇಬೇಕು, ಇಲ್ಲಿ ಎರಡು ಬಗೆಯವನ್ನು ಬೆರೆಸಿಕೊಳ್ಳುವವರು ತುಂಬ ನಷ್ಟಪಡುತ್ತಾರೆ. ಕಂಟ್ರೋಲರ್‌ನೊಳಗಿನ 3 ವೋಲ್ಟ್ ಲಿಥಿಯಂ ಬ್ಯಾಟರಿ ಪ್ರೋಗ್ರಾಂ ಮತ್ತು ಸೆಟ್ಟಿಂಗ್‌ಗಳ ಮೆಮೊರಿಯನ್ನು ಕಾಯುತ್ತದೆ. 4 ವರ್ಷಕ್ಕೊಮ್ಮೆ ಬದಲಿಸಬೇಕು, ಸೋತರೆ ಎಸ್‌ವೈಎಸ್‌ಟಿ-035 ಎಂದು ಎಚ್ಚರಿಸುತ್ತದೆ. ಇದನ್ನು ಬದಲಿಸುವುದು ಪವರ್ ಆಫ್ ಇರುವಾಗ: ಮೊದಲು ಸುಮಾರು 30 ಸೆಕೆಂಡ್ ಪವರ್ ಕೊಟ್ಟು, ಆಫ್ ಮಾಡಿ, 30 ನಿಮಿಷದೊಳಗೆ ಹೊಸದನ್ನು ಕೂರಿಸಿ. ರೋಬೋಟ್ ಬುಡದಲ್ಲಿರುವ ನಾಲ್ಕು ಡಿ ಗಾತ್ರದ 1.5 ವೋಲ್ಟ್ ಆಲ್ಕಲೈನ್ ಸೆಲ್‌ಗಳು ಎನ್‌ಕೋಡರ್‌ಗಳವು. ಇವನ್ನು ವರ್ಷಕ್ಕೊಮ್ಮೆ, ಪವರ್ ಆನ್ ಇರುವಾಗಲೇ, ಎಮರ್ಜೆನ್ಸಿ ಬಟನ್ ಒತ್ತಿಟ್ಟು ಬದಲಿಸಬೇಕು. ಪವರ್ ಆಫ್ ಮಾಡಿ ಸೆಲ್ ತೆಗೆದರೆ ರೋಬೋಟ್ ತಾನು ಎಲ್ಲಿದ್ದೇನೆಂಬುದನ್ನೇ ಮರೆಯುತ್ತದೆ, ಎಸ್‌ಆರ್‌ವಿಒ-062 ಬರುತ್ತದೆ, ಮತ್ತೆ ಮಾಸ್ಟರಿಂಗ್ (ಪ್ರತಿ ಆಕ್ಸಿಸ್‌ನ ಶೂನ್ಯ ಸ್ಥಾನ ಹೊಂದಿಸುವುದು) ಮಾಡಬೇಕು. ಮುಂಚಿತವಾಗಿ ಎಸ್‌ಆರ್‌ವಿಒ-065 ಎಚ್ಚರಿಕೆ ಬಂದಿರುತ್ತದೆ, ರಜೆಗೆ ಮುಂಚೆ ಅದು ಕಂಡರೆ ಸೆಲ್ ಹಾಕದೆ ಬ್ರೇಕರ್ ಇಳಿಸಬೇಡಿ. ಬ್ಯಾಕಪ್‌ನಲ್ಲಿ ಸಿಸ್‌ಮಾಸ್ಟ್ ಎಂಬ ಫೈಲ್ ಇದೆಯೇ ಎಂದೂ ನೋಡಿಟ್ಟುಕೊಳ್ಳಿ, ಮಾಸ್ಟರಿಂಗ್ ಅಂಕಿಗಳು ಇರುವುದು ಅದರಲ್ಲಿ.

ಸರ್ವೊ ಏಳದ ತೊಂದರೆ ನಿಮ್ಮ ಪ್ರಶ್ನೆಯಲ್ಲಿಲ್ಲ, ಆದರೂ ಹೊಸ ಫ್ಯೂಸ್ ಹಾಕಿದ ಮೇಲೆ ಎದುರಾಗಬಹುದು. ಎಸ್‌ಆರ್‌ವಿಒ-136 ಬಂದರೆ ಡಿಸಿ ಲಿಂಕ್ ವೋಲ್ಟೇಜ್ (ಆಂಪ್ಲಿಫೈಯರ್‌ನೊಳಗಿನ ಮುಖ್ಯ ಡಿಸಿ) ಕಡಿಮೆ: ಆಂಪ್ಲಿಫೈಯರ್‌ಗೆ ಬರುವ ಮೂರು ಫೇಸ್‌ಗಳ ನಡುವೆ 170 ವೋಲ್ಟ್‌ಗಿಂತ ಹೆಚ್ಚು ಇದೆಯೇ ಅಳೆಯಿರಿ. ಎಸ್‌ಆರ್‌ವಿಒ-230 ಅಥವಾ 231 ಬಂದರೆ ಎಮರ್ಜೆನ್ಸಿಯ ಎರಡು ಸಾಲುಗಳಲ್ಲಿ ಒಂದು ಮಾತ್ರ ತೆರೆದಿದೆ: ಬಾಗಿಲ ಸ್ವಿಚ್ಚಿನ ಒಂದು ಕಾಂಟ್ಯಾಕ್ಟ್ ಅಂಟಿಕೊಂಡಿರಬಹುದು, ತಂತಿ ಸಡಿಲವಿರಬಹುದು, ಕಾಂಟ್ಯಾಕ್ಟರ್ ಬೆಸೆದುಕೊಂಡಿರಬಹುದು. ಕಾರಣ ಸಿಕ್ಕಿ ಸರಿಪಡಿಸಿದ ಮೇಲೆ ಮಾತ್ರ ಅಲಾರಂ ತೆರೆಯಲ್ಲಿ ಚೈನ್ ರಿಸೆಟ್ ಒತ್ತಿ. ಅಲ್ಲಿ ಜಂಪರ್ ಹಾಕಿ ಓಡಿಸಿದರೆ ಮುಂದೊಂದು ದಿನ ಬಾಗಿಲು ತೆರೆದು ಒಳಗೆ ಹೋದವರ ಮೇಲೆ ರೋಬೋಟ್ ತಿರುಗುತ್ತದೆ.

ಬ್ರೇಕರೇ ನಿಲ್ಲದೆ ಟ್ರಿಪ್ ಆಗುತ್ತಿದ್ದರೆ ಯಾವ ಕ್ಷಣದಲ್ಲಿ ಎಂಬುದು ಮುಖ್ಯ. ಹಾಕಿದ ಕೂಡಲೇ, ಅದೂ ಹತ್ತರಲ್ಲಿ ಒಂದು ಸಲ ಎಂದರೆ ಟ್ರಾನ್ಸ್‌ಫಾರ್ಮರ್ ಮೊದಲ ಕ್ಷಣದಲ್ಲಿ ಎಳೆಯುವ ಕರೆಂಟ್ ಕಾರಣ. ಹಿಂದಿನ ಡಿಸ್ಟ್ರಿಬ್ಯೂಷನ್ ಬೋರ್ಡಿನಲ್ಲಿ ಸಿ ಬಗೆಯ ಎಂಸಿಬಿ ಇದ್ದರೆ ಆ ಕ್ಷಣದ ಹೆಚ್ಚು ಕರೆಂಟ್ ಸಹಿಸುವ ಡಿ ಬಗೆಯದು ಬೇಕು. ಸರ್ವೊ ಆನ್ ಆಗುವಾಗ ಎಂದರೆ ಆಂಪ್ಲಿಫೈಯರ್ ಅಥವಾ ಮೋಟಾರ್. ಮೋಟಾರ್ ಕೇಬಲ್ಲನ್ನು ಆಂಪ್ಲಿಫೈಯರ್‌ನಿಂದ ಪೂರ್ತಿ ಬಿಡಿಸಿ, ಮೋಟಾರ್ ಕಡೆಗೆ ಮಾತ್ರ 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಾಕಿ. 100 ಮೆಗಾಓಮ್ ಮೇಲಿದ್ದರೆ ಆರೋಗ್ಯ, 10ರಿಂದ 100 ಇದ್ದರೆ ಸವೆತ ಶುರುವಾಗಿದೆ, 1ರಿಂದ 10 ಇದ್ದರೆ ಹೊಸ ಮೋಟಾರ್ ತರಿಸಿಡಿ, 1ಕ್ಕಿಂತ ಕೆಳಗಿದ್ದರೆ ಓಡಿಸಬೇಡಿ. ಆಂಪ್ಲಿಫೈಯರ್ ಕಡೆಗೆ ಮೆಗ್ಗರ್ ತಾಗಿಸಿದರೆ ಒಳಗಿನ ಸೆಮಿಕಂಡಕ್ಟರ್‌ಗಳು ಆ ಕ್ಷಣವೇ ಸಾಯುತ್ತವೆ.

ಕೇಬಲ್ ಬದಲಿಸಿದ ದಿನವೇ ಸರಿಯಾಯಿತೆಂದು ಬಾಗಿಲು ಮುಚ್ಚಬೇಡಿ. ಮಲ್ಟಿಮೀಟರ್‌ನ ಮಿನ್-ಮ್ಯಾಕ್ಸ್ ಆಯ್ಕೆ ಹಾಕಿ, ಪವರ್ ಸಪ್ಲೈಯ 24 ವೋಲ್ಟ್ ಮೇಲೆ ಹಚ್ಚಿ, ಕಡಿಮೆ ವೇಗದಲ್ಲಿ ಪ್ರೋಗ್ರಾಂ ಒಂದು ಪೂರ್ತಿ ಸುತ್ತು ಓಡಿಸಿ. ಅದೇ ಹೊತ್ತಿನಲ್ಲಿ ಪೆಂಡೆಂಟ್ ಹಿಡಿದವರು ಕೇಬಲ್ಲನ್ನು ಕುತ್ತಿಗೆಯ ಬಳಿ ಎಲ್ಲ ದಿಕ್ಕಿಗೂ ಮಡಚಲಿ. ಕನಿಷ್ಠ ಓದು 23ರ ಕೆಳಗೆ ಇಳಿಯದಿದ್ದರೆ, ತೆರೆ ಒಮ್ಮೆಯೂ ಮಿನುಗದಿದ್ದರೆ ಹೊಸ ಕೇಬಲ್ಲನ್ನು ನೆಲದಿಂದ ಎತ್ತಿ ಬೇಲಿಯ ಮೇಲ್ಭಾಗದಲ್ಲಿ ಕಟ್ಟಿ, ಕಿಡಿ ಬೀಳುವ ಜಾಗದಲ್ಲಿ ಬೆಂಕಿ ತಡೆಯುವ ಗ್ಲಾಸ್‌ಫೈಬರ್ ತೋಳು ಹಾಕಿ, ಪಾಳಿಯವರಿಗೆ ಯಂತ್ರ ಒಪ್ಪಿಸಿ. ಮತ್ತೆ ಫ್ಯೂಸ್3 ಹೋದರೆ, ಈ ಸಲ ಕೇಬಲ್ ಅಲ್ಲ, ಪೆಂಡೆಂಟನ್ನೇ ದುರಸ್ತಿಗೆ ಕಳಿಸಿ.